ಮಂಚದ ಮುಂದಿನ ಸೈಕಲ್ ರೇಸು

ನಾನೊಂದು ಟೀವಿ. ಕಾರ್ಖಾನೆಯಲ್ಲಿ ಮೊದಲ ಸಲ ಬೆಳಗಿದಾಗ ನನ್ನಲ್ಲಿ ಮೂಡಿದ್ದು ಬರೀ ಬಣ್ಣದ ಪಟ್ಟಿಗಳು. ಆಮೇಲೆ ವಿಜಯಪುರದ ಒಂದು ಖಾನಾವಳಿಯ ಗೋಡೆ ಏರಿದೆ. ಉಣ್ಣುವವರು ಒಂದು ಕಣ್ಣನ್ನು ತಟ್ಟೆಯಲ್ಲಿ, ಇನ್ನೊಂದನ್ನು ಕ್ರಿಕೆಟ್ಟಿನಲ್ಲಿ ಇಟ್ಟು, ಉಂಡು ಎದ್ದುಹೋಗುತ್ತಿದ್ದರು. ಹೊಗೆ ಹಿಡಿದು ಮಂಕಾದಾಗ ಮಾಲೀಕ ನನ್ನನ್ನು ತನ್ನ ಗೆಳೆಯ ಸಿದರಾಯನಿಗೆ ಕೊಟ್ಟುಬಿಟ್ಟ.

ಸಿದರಾಯ ಒಂದು ಕಾಲದಲ್ಲಿ ರೇಸಿನ ಸವಾರ. ಇಳಿಜಾರಿನಲ್ಲಿ ಸೈಕಲ್ಲು ಜಾರಿ, ಸೇತುವೆಯ ಕಟ್ಟೆಗೆ ಬಡಿದು ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ನನ್ನನ್ನು ಅವನ ಮಂಚದ ಎದುರಿಗೆ ಇಟ್ಟರು.

ಪ್ರತಿ ಆಷಾಢದಲ್ಲಿ ಯುರೋಪಿನ ದೊಡ್ಡ ರೇಸು ಬರುತ್ತಿತ್ತು. ವಾರಗಟ್ಟಲೆ ನಡೆಯುವ ರೇಸು. ಬಹಳ ಹೊತ್ತು ಏನೂ ಆಗುವುದಿಲ್ಲ. ಸೂರ್ಯಕಾಂತಿ ಹೊಲ, ಹಳ್ಳಿ, ಬಾಗಿದ ಬೆನ್ನುಗಳ ಸಾಲು. ಆಮೇಲೆ ಬೆಟ್ಟ ಬರುತ್ತದೆ, ಒಬ್ಬೊಬ್ಬರಾಗಿ ಹಿಂದೆ ಉಳಿಯತೊಡಗುತ್ತಾರೆ. ಆಗ ಸಿದರಾಯನ ಉಸಿರು ಜೋರಾಗುತ್ತಿತ್ತು, ಹೆಗಲು ತೂಗುತ್ತಿತ್ತು. ಹೊದಿಕೆಯ ಕೆಳಗೆ ಮಾತ್ರ ಏನೂ ಅಲುಗುತ್ತಿರಲಿಲ್ಲ.

ಹೆಂಡತಿ ಕಸ್ತೂರಿ ಆ ಹೊತ್ತಿಗೆ ಹೊರಗೆ ಹೋಗುತ್ತಿದ್ದಳು. "ನಿಮ್ಮ ಕಾಲು ಕಸಗೊಂಡ ಆಟಾನ ಹೆಂಗರೆ ನೋಡತೀರಿ?" ಎಂದು ಒಮ್ಮೆ ಕೇಳಿದಳು.

"ಅಷ್ಟೊತ್ತು ನಾ ಈ ಮಂಚದ ಮ್ಯಾಲ ಇರಂಗಿಲ್ಲ," ಎಂದ ಅವನು.

ಒಂದು ವರ್ಷ ಎಳೆಯ ಸವಾರನೊಬ್ಬ ಇಳಿಜಾರಿನಲ್ಲಿ ಬಿದ್ದು ಸತ್ತ. ಮರುದಿನ ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ. ಸತ್ತವನ ತಂಡದವರನ್ನು ಮುಂದೆ ಬಿಟ್ಟು ಇಡೀ ಗುಂಪು ನಿಧಾನವಾಗಿ ಸಾಗಿತು. ಅಂದು ಕಸ್ತೂರಿ ಹೊರಗೆ ಹೋಗಲಿಲ್ಲ. ಮಂಚದ ಅಂಚಿಗೆ ಕೂತಳು.

"ನೀವು ಬಿದ್ದಾಗ ಯಾರರೆ ನಿಂತಿದ್ರೇನ್ರಿ?"

"ಯಾರೂ ನಿಲ್ಲಲಿಲ್ಲ." ಆಮೇಲೆ ಅವನೇ ಅಂದ, "ನಾ ಆಗಿದ್ರೂ ನಿಲ್ಲತಿದ್ದಿಲ್ಲ."

ಅವಳು ಅಳಲಿಲ್ಲ. ಅವನ ಪಾದಗಳನ್ನೆತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅವನಿಗೆ ಅದು ತಿಳಿಯಲೇ ಇಲ್ಲ. ಕಣ್ಣು ನನ್ನ ಮೇಲಿತ್ತು.

ಆ ಚಳಿಗಾಲದಲ್ಲಿ, ಮಲಗಿ ಮಲಗಿ ಆದ ಬೆನ್ನಿನ ಹುಣ್ಣಿನಲ್ಲಿ ಕೀವು ತುಂಬಿತು. ಜ್ವರ ಏರಿತು. ಆಸ್ಪತ್ರೆಗೆ ಹೋದವನು ಹೆಣವಾಗಿ ಮನೆಗೆ ಬಂದ.

ಮುಂದಿನ ಆಷಾಢದಲ್ಲಿ ಕಸ್ತೂರಿ ತಾನೇ ನನ್ನನ್ನು ಹಚ್ಚಿದಳು. ಅವನು ಮಲಗುತ್ತಿದ್ದ ಜಾಗ ಬಿಟ್ಟು ಕೂತಳು. ಸವಾರರ ಹೆಸರು ಅವಳಿಗೆ ಗೊತ್ತಿರಲಿಲ್ಲ, ಗೆಲುವು ಯಾರದೆಂದೂ ಬೇಕಿರಲಿಲ್ಲ. ಇಳಿಜಾರು ಬಂದಾಗ ಮಾತ್ರ ಮೆಲ್ಲಗೆ ಹೇಳಿದಳು: "ಸಾವಕಾಶ ಹೋಗ್ರೆಪ್ಪಾ."

ನಾನು ಕೆಡುವವರೆಗೂ ವರ್ಷವರ್ಷ ಹಾಗೆಯೇ ನೋಡಿದಳು. ಈಗ ಗುಜರಿ ಅಂಗಡಿಯಲ್ಲಿ, ಮುರಿದ ಫ್ಯಾನುಗಳ ಕೆಳಗೆ ಬೋರಲು ಬಿದ್ದಿದ್ದೇನೆ. ನನ್ನೊಳಗೆ ಅಷ್ಟು ಮಂದಿ ಗೆದ್ದರು. ಒಬ್ಬರ ಮುಖವೂ ನೆನಪಿಲ್ಲ. ಒಬ್ಬ ಹೆಂಗಸು ತನಗೆ ಗೊತ್ತಿಲ್ಲದವರು ಬೀಳದಿರಲೆಂದು ಉಸಿರು ಬಿಗಿಹಿಡಿದು ಕೂತದ್ದು ನೆನಪಿದೆ.