ಇದರಲ್ಲಿ ನಿನ್ನದು ಯಾವುದು?

ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಬೇಡ. ಪರದೇಶಕ್ಕೆ ಓದಲು ಹೋದ ಹುಡುಗಿಯರ ಕಥೆಗಳೆಲ್ಲ ಕಿಟಕಿಯಾಚೆಯ ಮೋಡ ನೋಡುತ್ತಲೇ ಶುರುವಾಗುತ್ತವೆ. ಸೂಟ್‌ಕೇಸಿನಿಂದ ಶುರು ಮಾಡಿದ್ದೆ. ಬಟ್ಟೆ ಮಡಚುವುದರಲ್ಲೇ ಒಂದು ಪುಟ ಮುಗಿದುಹೋಯಿತು. ಹರಿದುಹಾಕಿದೆ.

ಬೆಂಚಿನಿಂದ ಶುರು ಮಾಡುತ್ತೇನೆ.

೧

ಹುಡುಗಿ ಯೂನಿವರ್ಸಿಟಿಯ ಕಾರಿಡಾರಿನಲ್ಲಿ ಬೆಂಚಿನ ತುದಿಗೆ ಕೂತಿದ್ದಾಳೆ. ಎದುರಿಗೆ ಮೇಡಂ ಅವರ ಕೋಣೆಯ ಬಾಗಿಲು. ಬಂದಿರುವುದೇ ಒಂದು ಸೆಮಿಸ್ಟರ್ ಓದಲು. ಅದೂ ಅರ್ಧಕ್ಕೇ ನಿಲ್ಲಬಹುದು. ಇವತ್ತು ಮೇಡಂಗೆ ಸಮಾಧಾನ ಆಗದಿದ್ದರೆ ವಿಷಯ ಕಮಿಟಿಗೆ ಹೋಗುತ್ತದೆ. ಕಮಿಟಿಗೆ ಹೋದರೆ ಗಂಟುಮೂಟೆ ಕಟ್ಟಬೇಕು. ಆರೋಪ: ಪ್ರಬಂಧ ಕದ್ದಿದ್ದಾಳೆ.

ಕದ್ದಿಲ್ಲ. (ನನ್ನ ಪಾತ್ರ ಅಂತ ವಕಾಲತ್ತು ಮಾಡುತ್ತಿಲ್ಲ.) ಊರಲ್ಲಿ ಕಲಿತ ಹಾಗೆಯೇ ಮಾಡಿದ್ದಾಳೆ. ಪಾಠದಲ್ಲಿ ಮೇಡಂ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಬಾಯಿಪಾಠ ಮಾಡಿ, ಅದನ್ನೇ ಅಚ್ಚುಕಟ್ಟಾಗಿ ಬರೆದು ಕೊಟ್ಟಿದ್ದಾಳೆ. ಊರಲ್ಲಿ ಇದಕ್ಕೆ ಫಸ್ಟ್ ಕ್ಲಾಸ್ ಬರುತ್ತಿತ್ತು. ಗುರುಗಳ ಮಾತಿಗೆ ತನ್ನ ಮಾತು ಸೇರಿಸುವುದು ಅಧಿಕಪ್ರಸಂಗ ಅಂತಲೇ ಅವಳ ನಂಬಿಕೆ. ಇಲ್ಲಿ ಮೇಡಂ ತಮ್ಮದೇ ಮಾತುಗಳನ್ನು ಓದಿ, ಮಾರ್ಜಿನ್ನಿನಲ್ಲಿ "ಬಂದು ನನ್ನನ್ನು ಕಾಣು" ಅಂತ ಬರೆದರು.

೨

ಅವಳ ಅಪ್ಪ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. (ಅತಿಯಾಯಿತು, ಅಲ್ಲವೇ? ನಕಲಿನ ಕಥೆಗೆ ನಕಲಿನಂಗಡಿ! ಹೊಡೆದುಹಾಕಿದೆ.) ಅಪ್ಪ ಟೈಲರ್. ಅಮ್ಮ ಪಕ್ಕದಲ್ಲಿ ಕೂತು ಹುಕ್ಕು, ಗುಂಡಿ ಹಾಕುತ್ತಾಳೆ. ಹುಡುಗಿ ಬೆಂಚಿನಿಂದಲೇ ಫೋನ್ ಮಾಡಿದಳು.

"ಮೇಡಂ ಹೇಳಿದ್ದನ್ನೇ ಬರೆದ್ರೆ ಮೇಡಂಗೆ ಯಾಕೆ ಕೋಪ?" ಎಂದಳು ಅಮ್ಮ. "ನಾನು ಹೇಳಿದ್ದನ್ನ ನೀನು ಒಂದ್ಸಲನಾದ್ರೂ ಹಾಗೆ ಕೇಳಿದ್ರೆ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ದೆ."

"ಅಮ್ಮಾ, ತಮಾಷೆ ಅಲ್ಲ. ವಾಪಸ್ ಕಳಿಸಿಬಿಡ್ತಾರೆ."

ಆ ಕಡೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು.

"ಅಪ್ಪಂಗೆ ಹೇಳ್ಲಾ?"

"ಬೇಡಮ್ಮ."

"ಕೇಳಿಸ್ಕೊಂಡ್ರು ಕಣೇ."

೪

(ಮೂರರಲ್ಲಿ ಒಬ್ಬ ಸಹಪಾಠಿ ಬಂದು ಅವಳಿಗೆ ಧೈರ್ಯ ತುಂಬಿದ್ದ. ತುಂಬ ಚೆಂದ ಇದ್ದ. ಮನೆಗೆ ಕಳಿಸಿದೆ.)

ಕೋಣೆಯೊಳಗೆ ಮೇಡಂ ಪ್ರಬಂಧವನ್ನು ಅವಳ ಮುಂದೆ ಸರಿಸಿದರು.

"ಪ್ರಶ್ನೆ ಏನಿತ್ತು?" (ಮೇಡಂಗೆ ಕನ್ನಡ ಬರುವುದಿಲ್ಲ. ನನ್ನ ಕಥೆಯಲ್ಲಿ ಬರುತ್ತದೆ.)

"ಬಾಡಿಗೆ ಮನೇಲಿರೋರು ಯಾವಾಗ ಅದನ್ನ ನಮ್ಮನೆ ಅಂತಾರೆ, ಅಂತ."

"ನನ್ನ ಉತ್ತರವನ್ನ ನನಗಿಂತ ಚೆನ್ನಾಗಿ ಹೇಳಿದ್ದೀಯ. ಇದರಲ್ಲಿ ನಿನ್ನದು ಯಾವುದು?"

ಹುಡುಗಿ ಪ್ರಬಂಧದ ಪುಟ ತಿರುವಿದಳು, ಮತ್ತೆ ಮೊದಲ ಪುಟಕ್ಕೇ ಬಂದಳು.

ಇಲ್ಲಿ ಕಥೆ ಮುಗಿಸಲು ಎರಡು ದಾರಿ. ಹುಡುಗಿ ಅಳುತ್ತಾಳೆ, ಮೇಡಂ ಕರಗಿ ಟಿಶ್ಯೂ ಕೊಡುತ್ತಾರೆ. (ಇಷ್ಟು ಸಲೀಸೇ? ನನಗೇ ನಾಚಿಕೆ.) ಅಥವಾ ಅವಳು ವಾಪಸ್ ಬರುತ್ತಾಳೆ, ಅಪ್ಪ ಏನೂ ಅನ್ನದೆ ಸೂಜಿಗೆ ದಾರ ಪೋಣಿಸುತ್ತಲೇ ಇರುತ್ತಾರೆ. (ಬರೆಯಲು ಕೈ ಬರಲಿಲ್ಲ.)

ಆಗ ಮೂರನೆಯದು ಹೊಳೆಯಿತು. ಬಗ್ಗಿ ಅವಳ ಕಿವಿಯಲ್ಲಿ ಉಸುರಿದೆ: "ಗೋಡೆಗೆ ಮೊಳೆ ಹೊಡೆದ್ರೆ ಓನರ್ ಬೈತಾರೆ ಅಂತ ನಿಮ್ಮಮ್ಮ ಕ್ಯಾಲೆಂಡರ್‌ನ ಕಿಟಕಿ ಸರಳಿಗೆ ಕಟ್ತಿದ್ರಲ್ಲ, ಅದನ್ನ ಹೇಳು. ಮೊಳೆ ಹೊಡೆಯೋ ಧೈರ್ಯ ಬಂದ ದಿನ ಅದು ನಮ್ಮನೆ, ಅನ್ನು."

"ಚೆನ್ನಾಗಿದೆ. ಯಾರದು?" ಎಂದಳು ಹುಡುಗಿ, ಮೇಡಂಗೆ ಕೇಳಿಸದ ಹಾಗೆ.

"ನಿನ್ನದೇ!"

"ಸುಳ್ಳು. ಈಗ ತಾನೇ ನೀನು ಕಟ್ಟಿದ್ದು. ಮೇಡಂ ಮಾತು ಬರೆದು ಇಲ್ಲಿಗೆ ಬಂದಿದೀನಿ. ನಿನ್ನ ಮಾತು ಹೇಳಿ ಇನ್ನೆಲ್ಲಿಗೆ ಹೋಗ್ಲಿ?"

"ಹೇಳದಿದ್ರೆ ಕಳಿಸಿಬಿಡ್ತಾರೆ ಕಣೇ!"

"ಸ್ಕೂಲನ್ನೇ ಅರ್ಧಕ್ಕೆ ಬಿಟ್ಟೋಳು ನೀನು, ಯೂನಿವರ್ಸಿಟಿ ವಿಷಯ ನನಗೆ ಹೇಳ್ಕೊಡ್ತೀಯಾ?"

(ನಿಜವೇ. ಅವಳಿಗೆ ಬಾಯಿ ಕೊಟ್ಟವಳು ನಾನೇ. ಅನುಭವಿಸಬೇಕು.)

"ಭಯ ಆಗ್ತಿಲ್ವಾ ನಿಂಗೆ?"

"ಆಗದೆ ಇರುತ್ತಾ? ಸ್ವಲ್ಪ ಹೊತ್ತು ಆಚೆ ಇರು. ಬಾಗಿಲು ಹಾಕ್ಕೊಂಡು ಹೋಗು."

ಹಾಗಾಗಿ ನಾನೀಗ ಕಥೆಯ ಹೊರಗಿದ್ದೇನೆ.

ಒಳಗಿನಿಂದ ಅವಳ ದನಿ ಬಂತು, ತಡವರಿಸಿ ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. "ಇಲ್ಲ, ನಾನು ಇದನ್ನ ಒಪ್ಪೋದಿಲ್ಲ" ಎಂದರು ಮೇಡಂ. ಮುಗಿಯಿತು ಅಂದುಕೊಂಡೆ. ಆದರೆ ಅವಳು ನಿಲ್ಲಿಸಲಿಲ್ಲ. ಮೇಡಂ ಮಾತಿನ ಮಧ್ಯೆಯೇ ಬಾಯಿ ಹಾಕಿದಳು. ನನ್ನಾಣೆ, ಅದನ್ನು ನಾನು ಬರೆಯಲಿಲ್ಲ.

ಏನು ಹೇಳಿದಳು, ಅಲ್ಲೇ ಉಳಿದಳೋ ವಾಪಸ್ ಬಂದಳೋ ಅಂತ ನೀವು ಕೇಳುತ್ತೀರಿ. ಮಾತು ನನಗೆ ಸರಿಯಾಗಿ ಕೇಳಿಸುತ್ತಿಲ್ಲ. ಕೇಳಿಸಿದರೂ ಇಲ್ಲಿ ಇಳಿಸಿಕೊಳ್ಳಲಾರೆ. ಇಳಿಸಿಕೊಂಡರೆ ಕದ್ದವಳು ನಾನಾಗುತ್ತೇನೆ.

ಪೆನ್ನಿಗೆ ಕ್ಯಾಪ್ ಹಾಕಿದ್ದೇನೆ. ಒಳಗೆ ಮಾತು ಇನ್ನೂ ನಡೆಯುತ್ತಿದೆ.