ತಗ್ಗಿನ ಚಳಿ

ಪುಲಗ್ ಬೆಟ್ಟ ಹತ್ತಲು ಬಂದವರು ದೆಲ್ಫಿನಾಳ ಅಂಗಡಿಯ ಮುಂದೆ ಚೀಲ ಇಳಿಸಿ ಮೊದಲು ಕೇಳುವುದು ಒಂದೇ ಮಾತು: "ಅಕ್ಕಾ, ರಾತ್ರಿ ಎಷ್ಟು ಚಳಿ ಇರುತ್ತೆ?"

ದೆಲ್ಫಿನಾ ಕಂಬಳಿ, ಜಾಕೆಟ್ಟು ಬಾಡಿಗೆಗೆ ಕೊಡುವವಳು. ಕೇಳಿದ ಕೂಡಲೇ ಉತ್ತರ ಕೊಡುವವಳಲ್ಲ. ಹೊರಗೆ ಬಂದು ಕಂಬಕ್ಕೆ ತೂಗುಹಾಕಿದ ಥರ್ಮಾಮೀಟರ್ ನೋಡುತ್ತಾಳೆ. ಡೇರೆ ಹಾಕುವ ಜಾಗ ಎಷ್ಟು ಮೇಲಿದೆಯೋ ಅದಕ್ಕೆ ತಕ್ಕಷ್ಟು ಕಳೆಯುತ್ತಾಳೆ. ಆಮೇಲೆ ಆಕಾಶ. ಮೋಡ ಕವಿದರೆ ಬೆಟ್ಟಕ್ಕೆ ಹೊದಿಕೆ ಹೊದಿಸಿದ ಹಾಗೆ. ತಿಳಿಯಾಗಿದ್ದರೆ ಇನ್ನಷ್ಟು ಕಳೆಯಬೇಕು. ಕೊನೆಗೆ ತನ್ನ ಒಲೆಯ ಹೊಗೆ. ಅದು ನೆಟ್ಟಗೆ ಏರಿದರೆ ಗಾಳಿಯಿಲ್ಲ, ಎಲೆ ಮೇಲೆ ಬಿಳಿ ಹಿಮ ಕೂರುವ ರಾತ್ರಿ.

"ಸೊನ್ನೆಗೆ ಇಳಿಯುತ್ತೆ. ಈ ತೆಳು ಸ್ಲೀಪಿಂಗ್ ಬ್ಯಾಗಲ್ಲಿ ಮಲಗಿದ್ರೆ ಬೆಳಿಗ್ಗೆ ನಿಮ್ಮನ್ನ ಐಸಲ್ಲಿಟ್ಟ ಮೀನಿನ ಹಾಗೆ ಕರಗಿಸಬೇಕಾಗುತ್ತೆ. ಕಂಬಳಿ ತಗೊಳ್ಳಿ. ತಗ್ಗಲ್ಲಿ ಮಾತ್ರ ಡೇರೆ ಹಾಕ್ಬೇಡಿ. ಗಾಳಿ ಇಲ್ವಲ್ಲ ಅಂತ ಆಸೆ ಆಗುತ್ತೆ. ಚಳಿ ನೀರಿದ್ದ ಹಾಗೆ, ಹರಿದು ಬಂದು ತಗ್ಗಲ್ಲೇ ನಿಲ್ಲುತ್ತೆ."

ಎಲ್ಲರಿಗೂ ಇದನ್ನು ಹೇಳುವ ಅವಳೇ ತನ್ನ ಗಂಡನನ್ನು ತಗ್ಗಿನಲ್ಲಿ ಮಲಗಿಸಿದ್ದಳು.

ಬೆನಿತೊ ಬೆಟ್ಟಕ್ಕೆ ದಾರಿ ತೋರಿಸುತ್ತಿದ್ದವನು. ಮಳೆಗಾಲದಲ್ಲಿ ಗುಡ್ಡ ಕುಸಿದು ಸತ್ತ. ಮಣ್ಣು ಮಾಡುವ ದಿನ ಗಾಳಿ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಅತ್ತೆ ಬಯೋಸಾ ಮಗನನ್ನು ದಿಣ್ಣೆಯ ಮೇಲೆ, ತನ್ನ ಮನೆಯ ಪೈನ್ ಮರಗಳ ಕೆಳಗೆ, ಅವನಪ್ಪನ ಪಕ್ಕದಲ್ಲಿ ಹೂಳಬೇಕೆಂದಳು. ದೆಲ್ಫಿನಾ ಕೇಳಲಿಲ್ಲ. ಅಡುಗೆಮನೆಯ ಹಿಂದೆ, ಕೋಸಿನ ಪಾತಿಗಳ ನಡುವೆ, ಗಾಳಿ ಸುಳಿಯದ ತಗ್ಗೊಂದಿತ್ತು. ಕಿಟಕಿಯಿಂದ ಕಾಣುತ್ತಿತ್ತು. ಆಮೇಲೆ ದಿನವೂ ಪಾತ್ರೆ ತೊಳೆಯುತ್ತ ಅವನಿಗೆ ಸುದ್ದಿ ಹೇಳುತ್ತಿದ್ದಳು: ಇವತ್ತು ಒಬ್ಬ ಚಪ್ಪಲಿ ಹಾಕ್ಕೊಂಡೇ ಬಂದಿದ್ದ, ನೋಡು.

ಜನವರಿಯಲ್ಲಿ ಅತ್ತೆ ದಿಣ್ಣೆಯಿಂದ ಇಳಿದು ಬಂದಳು. ಜೊತೆಗೆ ಊರಿನ ಪೂಜೆಯ ಹಿರಿಯ, ಪುಕಾಯ್ ಅಜ್ಜ.

"ಬೆನಿತೊ ಕನಸಿಗೆ ಬಂದಿದ್ದ ಕಣೇ. ಹಲ್ಲು ಕಟಕಟ ಅಂತಿತ್ತು. ಅಮ್ಮಾ, ಚಳಿ ಅಂದ."

ಸತ್ತವರಿಗೆ ಚಳಿಯಾದರೆ ಕನಸಿಗೆ ಬಂದು ಹೇಳುತ್ತಾರೆ. ಹೇಳಿದ ಮೇಲೆ ಗೋರಿ ತೆಗೆದು ಹೊಸ ಕಂಬಳಿ ಹೊದಿಸಿ, ಹಂದಿ ಕಡಿದು ಉಣಿಸಬೇಕು. ಅದು ದೆಲ್ಫಿನಾಳಿಗೂ ಗೊತ್ತು. ಆದರೆ ಅವಳ ಎದೆಗೆ ನಾಟಿದ್ದು ಬೇರೆ. ಇಷ್ಟು ದಿನ ಚಾಪೆಯಲ್ಲಿ ಅವನ ಜಾಗ ಬಿಟ್ಟು ಮಲಗಿದ್ದಳು. ಅವಳ ಕನಸಿಗೆ ಅವನು ಒಮ್ಮೆಯೂ ಬಂದಿರಲಿಲ್ಲ.

"ಕಂಬಳಿ ಹೊದಿಸೋಣ ಅತ್ತೆ. ಹಂದಿ ನಾನೇ ಕೊಡ್ತೀನಿ."

"ಕಂಬಳಿ ಸಾಲಲ್ಲ. ಜಾಗ ಸರಿಯಿಲ್ಲ ಅಂದ."

"ಅವನು ಅಂದನೋ, ನೀವು ಅಂತಿದೀರೋ?"

"ನೋಡಿದ್ಯಾ ಅಜ್ಜ! ಅವನು ಬದುಕಿದ್ದಾಗ್ಲೂ ಹೀಗೇ. ನಾನು ಸಾರಿಗೆ ಉಪ್ಪು ಹಾಕಿದ್ರೂ, ಅವನು ಹಾಕು ಅಂದ್ನಾ ಅಂತ ಕೇಳೋಳು."

ಅಜ್ಜ ನಕ್ಕ. ನಂತರ ಮೆಲ್ಲಗೆ, "ನನಗೆ ಹಂದಿಯ ಪಿತ್ತಕೋಶ ನೋಡಿ ಶಕುನ ಹೇಳೋಕೆ ಬರುತ್ತೆ, ಚಳಿ ನೋಡೋಕೆ ಬರಲ್ಲ. ಅದನ್ನ ಎಲ್ರೂ ನಿನ್ನೇ ಕೇಳ್ತಾರೆ. ನೀನೇ ಹೇಳು ಮಗಳೇ, ಚಳಿ ಇಲ್ಲಿ ಹೆಚ್ಚೋ, ದಿಣ್ಣೆ ಮೇಲೋ? ನೀನು ಹೇಳಿದ ಹಾಗೇ ಆಗ್ಲಿ" ಎಂದ.

ಅತ್ತೆಯೂ ಒಪ್ಪಿದಳು. ದೆಲ್ಫಿನಾ ಬೆಳಗಿನವರೆಗೆ ಸಮಯ ಕೇಳಿದಳು. ಎರಡು ತಟ್ಟೆಗಳಲ್ಲಿ ನೀರು ತುಂಬಿ, ಒಂದನ್ನು ಗೋರಿಯ ಮೇಲೆ, ಇನ್ನೊಂದನ್ನು ದಿಣ್ಣೆಯ ಪೈನ್ ಮರದ ಕೆಳಗೆ ಇಟ್ಟು ಬಂದಳು.

ಬೆಳಗಾದಾಗ ತಗ್ಗಿನ ಕೋಸುಗಳೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿದ್ದವು. ಗೋರಿಯ ಮೇಲಿನ ತಟ್ಟೆಯನ್ನು ಬೆರಳಿಂದ ಬಡಿದಳು, ಟಕ್ ಎಂದಿತು. ದಿಣ್ಣೆ ಹತ್ತಿದಳು. ಅಲ್ಲಿಯ ತಟ್ಟೆಯಲ್ಲಿ ಪೈನ್ ಎಲೆಯೊಂದು ತೇಲುತ್ತ ತಿರುಗುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ತಗ್ಗಿನ ತಟ್ಟೆ ಕಂಡಿರಲಿಲ್ಲ. ಎರಡೂ ಕಡೆ ಚಳಿ ಒಂದೇ ಎಂದು ದೆಲ್ಫಿನಾ ಹೇಳಿದರೆ ಸಾಕಿತ್ತು, ಬೆನಿತೊ ಕಿಟಕಿಯ ಆಚೆಯೇ ಉಳಿಯುತ್ತಿದ್ದ. ಮಾತು ಬಾಯಿಯವರೆಗೂ ಬಂತು.

"ದಿಣ್ಣೇನೇ ಬೆಚ್ಚಗಿದೆ, ಅತ್ತೆ," ಎಂದಳು. "ಕರ್ಕೊಂಡು ಬನ್ನಿ."

ಅತ್ತೆ ಹತ್ತಿರ ಬಂದಳು. ಸೊಸೆಯ ಮರಗಟ್ಟಿದ ಬೆರಳುಗಳನ್ನು ತನ್ನ ಕಂಕುಳಲ್ಲಿ ಒತ್ತಿಕೊಂಡಳು.

ಗೋರಿ ತೆಗೆದರು. ಹೊಸ ಕಂಬಳಿಯ ಮೇಲೆ ದೆಲ್ಫಿನಾ ಇನ್ನೊಂದನ್ನು ಹೊದಿಸಿದಳು. ಬೆನಿತೊ ಬೆಟ್ಟಕ್ಕೆ ಒಯ್ಯುತ್ತಿದ್ದ ದಪ್ಪ ಕಂಬಳಿ ಅದು. ಅದನ್ನು ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ಗಂಡಸರು ಹೆಗಲು ಕೊಟ್ಟು ಹೊತ್ತೊಯ್ದರು.

ಪೂಜೆ, ಊಟ ಎಲ್ಲ ಮುಗಿದು ಅವಳು ಅಂಗಡಿ ತೆರೆದಾಗ ಮಧ್ಯಾಹ್ನ ಕಳೆದಿತ್ತು. ಮನಿಲಾದಿಂದ ಬಂದ ಹುಡುಗಿಯೊಬ್ಬಳು ಅಡುಗೆಮನೆಯ ಹಿಂದೆ ಇಣುಕಿ ಕೂಗಿದಳು: "ಅಕ್ಕಾ, ಇಲ್ಲಿ ಮಣ್ಣು ಎಷ್ಟು ಮೆತ್ತಗಿದೆ! ಇವತ್ತು ಇಲ್ಲೇ ಡೇರೆ ಹಾಕ್ಲಾ?"

"ಬೇಡಮ್ಮ. ಅಲ್ಲಿ ಚಳಿ ನಿಲ್ಲುತ್ತೆ."

ಹುಡುಗಿ ಹೋದ ಮೇಲೆ ದೆಲ್ಫಿನಾ ಕಂಬದ ಬಳಿ ನಿಂತಳು. ಪಶ್ಚಿಮದಿಂದ ಮೋಡ ಬರುತ್ತಿತ್ತು. ಒಲೆಯ ಹೊಗೆ ಬಾಗಿತ್ತು. ದಿಣ್ಣೆಯ ಲೆಕ್ಕ ಹಾಕಿದಳು: ಏಳು ಡಿಗ್ರಿ. ಎರಡು ಕಂಬಳಿ ಧಾರಾಳವಾಯಿತು. ಅವನಿಗೆ ಒಳ್ಳೆಯ ನಿದ್ದೆ ಬರುತ್ತದೆ.

ಚಳಿಯಾದವರು ಮಾತ್ರ ಕನಸಿಗೆ ಬರುತ್ತಾರೆ. ಇನ್ನು ಅವನು ಬರಲು ಕಾರಣವೇ ಇಲ್ಲ.

ಮೋಡ ಚದುರಲಿ, ಗಾಳಿ ನಿಲ್ಲಲಿ ಎಂದು ಮನಸ್ಸು ಒಂದು ಕ್ಷಣ ಬೇಡಿಕೊಂಡಿತು. ಬೇಡಿದ್ದೇನೆಂದು ಹೊಳೆದು ಅವಳು ಬೆಚ್ಚಿದಳು. ಒಳಗೆ ಓಡಿ ಒಲೆಗೆ ಇನ್ನೊಂದು ಸೌದೆ ತುರುಕಿ, ಹೊಗೆ ಬಾಗಿಯೇ ಇದೆಯೇ ಎಂದು ಮತ್ತೆ ಹೊರಗೆ ಬಂದು ನೋಡಿದಳು.