ಠಾಣೆಯ ಹರವಿ

ನಮ್ಮ ಕಡೆ ಮದುವೆ ಮಾಡುವುದು ಸುಲಭ, ಮದುವೆಯ ಕಾರ್ಡ್ ಬರೆಸುವುದು ಕಷ್ಟ. ‘ಸುಖಾಗಮನ ಬಯಸುವವರು’ ಎಂದಿರುವ ಕಡೆ ಒಬ್ಬ ಕಾಕಾನ ಹೆಸರು ಬಿಟ್ಟುಹೋದರೆ ಸಾಕು, ಆತ ಅಕ್ಕಿಕಾಳು ಹಾಕಲೂ ಬರುವುದಿಲ್ಲ, ಮುಂದೆ ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡೇ ಹೋಗುತ್ತಾನೆ. ನಮ್ಮ ತೊಗರಿಹಾಳದ ವಾಟ್ಸಾಪ್ ಗುಂಪಿಗೂ ಇದೇ ಗತಿ ಬಂತು.

ನಾನು ವಿರೂಪಾಕ್ಷಮ್ಮ. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ, ನಮ್ಮ ಊರಿನ ಬಸ್ ನಿಲ್ದಾಣದ ಎದುರು ರೊಟ್ಟಿ ಖಾನಾವಳಿ ನಡೆಸುತ್ತೇನೆ. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಬಾಯಿ ಮೆತ್ತಗಿರುವ ಹೆಂಗಸು ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸಿದ್ದನ್ನು ನಾನಂತೂ ಕಂಡಿಲ್ಲ.

ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ ಬರುತ್ತದೆ, ಅದೂ ಯಾವ ಹೊತ್ತಿಗೆ ಎಂದು ಗೊತ್ತಿರುವುದಿಲ್ಲ. ಪೈಪು ಮೊದಲು ಮುಟ್ಟುವುದು ನನ್ನ ಮನೆಗೆ. ಅದಕ್ಕೆ ಮೊಬೈಲ್ ಅಂಗಡಿಯ ಪ್ರವೀಣಕುಮಾರ ‘ನಳ ಬಂತು’ ಎಂದು ಒಂದು ಗುಂಪು ಮಾಡಿ ನನ್ನನ್ನು ಅಡ್ಮಿನ್ ಮಾಡಿದ. ನೀರು ಬಂದ ಕೂಡಲೇ ನಾನು ಅದರಲ್ಲಿ ಹಾಕಬೇಕು, ಊರು ಕೊಡ ಹಿಡಿದು ಓಡಬೇಕು. ಮರುದಿನವೇ ಅಂದಪ್ಪ, ನಮ್ಮೂರ ಪೈಪ್‌ಲೈನಿನ ಗುತ್ತಿಗೆದಾರ, ‘ಆಕಿನ್ನ ಮಾಡಿ ನನ್ನ ಬಿಟ್ಟೀರಿ’ ಎಂದು ಮುನಿಸಿಕೊಂಡ. ಅವನನ್ನು ಮಾಡಿದರು. ನೆರೆಮನೆಯ ಫಕೀರಮ್ಮ ಬಿಟ್ಟಾಳೆಯೇ? ಅವಳನ್ನೂ ಮಾಡಿದರು. ತಿಂಗಳೊಳಗೆ ಅರ್ಧ ಗುಂಪು ಅಡ್ಮಿನ್ ಆಯಿತು. ಅಡ್ಮಿನ್ ಆದವರು ಮಾಡುವುದೇನು ಎಂದು ಒಬ್ಬರೂ ಕೇಳಲಿಲ್ಲ. ಶಾಲು ಹೊದಿಸಿಕೊಂಡು ಹಾರ ಹಾಕಿಸಿಕೊಂಡ ಹಾಗೆ ಎಲ್ಲರೂ ಬೀಗಿದರು.

ಆಮೇಲೆ ಮಕ್ಕಳ ಕಳ್ಳರ ಸುದ್ದಿ ಬಂತು. ಎಲ್ಲಿಂದಲೋ ಬಂದ ಒಂದು ವಿಡಿಯೋವನ್ನು ಯಾರೋ ಈ ಗುಂಪಿನಲ್ಲಿ ಹಾಕಿದರು. ಅದೇ ದಿನ ಕೂದಲು ಕೊಂಡು ಸ್ಟೀಲ್ ಡಬ್ಬಿ ಕೊಡುವ ಬಡಪಾಯಿಯೊಬ್ಬ ಊರಿಗೆ ಬಂದಿದ್ದ. ಅವನನ್ನು ಬಸ್ ನಿಲ್ದಾಣದ ಬೇವಿನ ಗಿಡಕ್ಕೆ ಕಟ್ಟಿ ಹೊಡೆದರು. ನಾನು ಕುದಿಯುವ ಎಸರಿನ ಪಾತ್ರೆ ಹಿಡಿದು ಜನರ ನಡುವೆ ನುಗ್ಗಿ, ಅವನನ್ನು ನನ್ನ ಅಡುಗೆಮನೆಗೆ ಎಳೆದುಕೊಂಡು ಬಾಗಿಲು ಹಾಕಿದೆ. ಜೀವ ಉಳಿಯಿತು, ಒಂದು ಕಿವಿ ಹೋಯಿತು.

ಅದಾದ ಮೇಲೆ ಪೊಲೀಸರು ಕರೆದ ಶಾಂತಿ ಸಭೆಯಲ್ಲಿ ನಾನೇ ಎದ್ದು ನಿಂತು ಕೂಗಾಡಿದೆ. ಸುಳ್ಳು ಹಬ್ಬಿಸುವ ಗುಂಪಿನ ಅಡ್ಮಿನ್‌ಗಳನ್ನು ಹಿಡಿಯಿರಿ, ಅವರನ್ನು ಜವಾಬ್ದಾರರನ್ನಾಗಿ ಮಾಡಿ ಎಂದೆ. ಪೊಲೀಸರು ಹಾಗೇ ಮಾಡಿದರು. ಗುಂಪಿನಲ್ಲಿ ಏನೇ ಬಂದರೂ ಅಡ್ಮಿನ್ ಹೊಣೆ, ಠಾಣೆಯವರು ತೆಗೆಯಿರಿ ಎಂದದ್ದನ್ನು ಆಗಿಂದಾಗ ತೆಗೆಯಬೇಕು ಎಂದು ಠಾಣೆಯ ಗೋಡೆಗೆ ಅಂಟಿಸಿದರು. ಅಂದು ಸಂಜೆಯೊಳಗೆ ಸುಖಾಗಮನ ಬಯಸುವವರೆಲ್ಲ ಪ್ರವೀಣಕುಮಾರನ ಅಂಗಡಿಗೆ ಓಡಿ ಅಡ್ಮಿನ್ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿಕೊಂಡರು, ಅವನೂ ತನ್ನದನ್ನು ತೆಗೆದುಕೊಂಡ. ಉಳಿದವಳು ನಾನೊಬ್ಬಳೇ. ಹೇಳಿದ ಬಾಯಿ ನನ್ನದು, ಓಡಿಹೋಗಲು ನಾಚಿಕೆಯಾಯಿತು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಹನಾ ನನ್ನ ಹಿತ್ತಲ ಬಾಗಿಲಿನಿಂದ ಬಂದಳು. ನಮ್ಮೂರಿನ ಆಶಾ ಕಾರ್ಯಕರ್ತೆ ಅವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಅವಳಿಗೆ ಬರುವ ಗೌರವಧನದಲ್ಲೇ ಮನೆ ನಡೆಯಬೇಕು. ಮುಖ ಬಿಳಿಚಿಕೊಂಡಿತ್ತು. ಒಂದು ವಿಡಿಯೋ ಹಚ್ಚಿ ಫೋನ್ ನನ್ನ ಕೈಗೆ ಕೊಟ್ಟಳು. ನೀರಿನ ವಾಲ್ವ್ ಇರುವ ಗುಂಡಿಯೊಳಗೆ ಪಕ್ಕದ ಗಟಾರದ ಕಪ್ಪು ನೀರು ಸೇರಿಕೊಳ್ಳುತ್ತಿತ್ತು, ಒಡೆದ ಪೈಪು ಅದನ್ನು ಎಳೆದುಕೊಳ್ಳುತ್ತಿತ್ತು. ಆಮೇಲೆ ಒಂದು ಮನೆಯ ಪಡಸಾಲೆ ಕಂಡಿತು. ಅಲ್ಲಿ ಸಾಲಾಗಿ ಮಲಗಿಸಿದ್ದ ಮಕ್ಕಳಲ್ಲಿ ಒಂದು ಮಗು ವಾಂತಿ ಮಾಡುತ್ತಿತ್ತು.

“ಮ್ಯಾಲಿನೋರಿಗೆ ಹೇಳಿದ್ನಿ ಅತ್ತಿ. ವಾಂತಿಭೇದಿ ಅನ್ನಬ್ಯಾಡ, ಬಿಸಲಿಗೆ ಆಗೇತಿ ಅಂತ ಹೇಳು ಅಂದ್ರು,” ಎಂದಳು. “ನಾ ಗುಂಪಿನ್ಯಾಗ ಹಾಕಿದ್ರ ನಾಳೆ ನನ್ನ ಕೆಲಸ ಇರೂದಿಲ್ಲ.”

“ನಿನ್ನ ಹೆಸರು ನನ್ನ ಬಾಯಿಂದ ಬರೂದಿಲ್ಲ,” ಎಂದೆ.

ಅವಳು ವಿಡಿಯೋವನ್ನು ನನ್ನ ಫೋನಿಗೆ ಕಳಿಸಿದಳು. ಅದನ್ನು ಗುಂಪಿನಲ್ಲಿ ಹಾಕಿ, ಕೆಳಗೆ ‘ಈ ನೀರು ಕುಡೀಬ್ಯಾಡ್ರಿ’ ಎಂದು ಬರೆದೆ. ಸಂಜೆಯ ಹೊತ್ತಿಗೆ ಊರು ಕೊಡಗಳನ್ನು ಬೋರಲು ಹಾಕಿತು. ನನ್ನ ಖಾನಾವಳಿಗೆ ಬಂದ ಬಸ್ಸಿನವರೂ ನೀರು ಮುಟ್ಟದೆ ಎದ್ದರು. ವಿಡಿಯೋದಲ್ಲಿ ಯಾರ ಹೆಸರೂ ಇರಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಂದಪ್ಪ ನನಗೆ ಫೋನ್ ಮಾಡಿದ. “ಸುಳ್ಳು ಸುದ್ದಿ ಹಬ್ಬಸ್ತಿ. ನೀನಾ ಹೇಳಿದ ಕಾನೂನು ಐತಿ, ನೆನಪಿಟ್ಕೊ,” ಎಂದು ಇಟ್ಟುಬಿಟ್ಟ. ಮರುದಿನ ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ಮಧ್ಯಾಹ್ನ ಫೋನ್ ತೆಗೆದುಕೊಂಡು ಬರಬೇಕಂತೆ.

ರೊಟ್ಟಿ ಬಡಿಯುತ್ತಾ ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಹೆದರಿಕೆಯೂ ಬಂತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಗಿತ್ತು. ಹಾಗೆಂದು ಅಂದು ಹೇಳಿದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ. ಆ ಬೇವಿನ ಗಿಡದ ಕೆಳಗಿನ ರಕ್ತ ತೊಳೆದದ್ದು ನಾನು. ಸುಳ್ಳಿಗೆ ಕಡಿವಾಣ ಬೇಕು. ಆದರೆ ಕಡಿವಾಣ ಹಿಡಿದವನು ನಿಜದ ಬಾಯಿಗೂ ಅದನ್ನೇ ತುರುಕಿದರೆ ಯಾರನ್ನು ಕೇಳುವುದು?

ಹೊರಡುವ ಹೊತ್ತಿಗೆ ಫಕೀರಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು. ನಳದ ಪಾಳಿಗಾಗಿ ನನ್ನ ಜೊತೆ ಜಗಳವಾಡದ ವಾರ ಅವಳ ಬಾಳಿನಲ್ಲಿಲ್ಲ.

“ನನ್ನ ಮತ್ತ ಅಡ್ಮಿನ್ ಮಾಡು,” ಎಂದಳು.

“ಯಾಕ? ಅವತ್ತು ಓಡಿ ಹೋಗಿ ತೆಗಿಸಿಕೊಂಡಿದ್ದೆಲ್ಲ?”

“ಅವತ್ತು ಹೆದರಿದ್ನಿ. ಇವತ್ತೂ ಹೆದರಿಕಿ ಐತಿ. ನಿನ್ನ ಫೋನ್ ಕಸಗೊಂಡ್ರ ನಳದ ಸುದ್ದಿ ಯಾರು ಹಾಕ್ತಾರ? ಮಾಡು, ಮಾತು ಬೆಳಸಬ್ಯಾಡ.”

ಮಾಡಿದೆ. ಅವಳು ಠಾಣೆಯವರೆಗೆ ಜೊತೆಗೆ ನಡೆದು ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು.

ಒಳಗೆ ಸಾಹೇಬರು, ಅಂದರೆ ಪಿಎಸ್ಐ, ಮೇಜಿನ ಹಿಂದೆ ಇದ್ದರು. ತುಮಕೂರು ಕಡೆಯವರು, ಬಂದು ಹೆಚ್ಚು ದಿನವಾಗಿಲ್ಲ. ಅವರ ಮುಂದೆ ಅಂಗಡಿಯಿಂದ ತಂದ ನೀರಿನ ಬಾಟಲಿ ಇತ್ತು. ಮೂಲೆಯಲ್ಲಿ ಒಂದು ಮಣ್ಣಿನ ಹರವಿ, ಅದರ ಮೇಲೆ ಮುಚ್ಚಿದ ತಟ್ಟೆ, ತಟ್ಟೆಯ ಮೇಲೆ ಸ್ಟೀಲ್ ಲೋಟ. ಹರವಿ ತುಂಬಿ ಹೊರಮೈ ತೇವವಾಗಿತ್ತು. ಠಾಣೆಯವರೇ ನಳದ ನೀರು ಬಿಟ್ಟರೆ ಜನ ಏನಂದಾರು ಎಂದು ಸಾಹೇಬರೇ ಬೆಳಿಗ್ಗೆ ಠಾಣೆಯ ಟ್ಯಾಂಕಿನಿಂದ ತುಂಬಿಸಿದ್ದರಂತೆ. ಬರೆಯಲು ಕೂತಿದ್ದವನು ಕಾನ್‌ಸ್ಟೆಬಲ್ ಗಾಳೇಶ. ದಿನಾ ನನ್ನ ಖಾನಾವಳಿಯಿಂದ ಠಾಣೆಗೆ ರೊಟ್ಟಿ ಒಯ್ಯುವವನು ಅವನೇ. ನಿನ್ನೆಯಿಂದ ಬಂದಿರಲಿಲ್ಲ. ನನ್ನ ಮುಖ ನೋಡಲಿಲ್ಲ.

“ಅಮ್ಮ, ಅಡ್ಮಿನ್‌ನ ಹಿಡೀರಿ ಅಂತ ಶಾಂತಿ ಸಭೇಲಿ ನೀವೇ ಹೇಳಿದ್ರಂತೆ,” ಎಂದರು ಸಾಹೇಬರು. “ಈಗ ಹಿಡಿದಿದ್ದೀನಿ. ಎರಡು ಕೆಲಸ. ಆ ವಿಡಿಯೋ ಇಲ್ಲೇ ಅಳಿಸಿ. ಅದನ್ನ ತೆಗೆದದ್ದು ಯಾರು ಹೇಳಿ. ಆಮೇಲೆ ಮನೆಗೆ ಹೋಗಿ.”

“ಸುಳ್ಳನ್ನ ಹಿಡೀರಿ ಅಂದಿದ್ನಿ ಸಾಹೇಬ್ರ. ಬಾಯಿ ಹಿಡೀರಿ ಅಂದಿದ್ದಿಲ್ಲ.”

“ಸುಳ್ಳು ಯಾವುದು, ನಿಜ ಯಾವುದು ಅಂತ ಹೇಳೋದಕ್ಕೆ ಇಲಾಖೆ ಇದೆ. ನೀರು ಚೆನ್ನಾಗಿದೆ ಅಂತ ಎಂಜಿನಿಯರ್ ಬರೆದುಕೊಟ್ಟಿದ್ದಾರೆ. ಜನ ಗಾಬರಿಬಿದ್ದು ನಾಳೆ ರಸ್ತೆಗೆ ಇಳಿದ್ರೆ, ಕಲ್ಲು ಬಿದ್ರೆ, ಯಾರು ಹೊಣೆ? ಹೋದ ಸಲ ಒಬ್ಬನ ಕಿವಿ ಹೋಯ್ತಲ್ಲ, ಆಗಲೂ ಎಲ್ಲರಿಗೂ ಅದು ನಿಜ ಅನ್ನಿಸಿತ್ತು.”

ಆ ಮಾತು ನನಗೆ ನಾಟಿತು. ಆ ಮನುಷ್ಯ ಕೆಟ್ಟವನ ಹಾಗೆ ಮಾತಾಡುತ್ತಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

“ತೆಗೆದವರ ಹೆಸರು ನಾ ಹೇಳೂದಿಲ್ಲ,” ಎಂದೆ.

“ಹೇಳಬೇಡಿ. ನಿಮ್ಮ ಫೋನ್ ಪರೀಕ್ಷೆಗೆ ಕಳಿಸ್ತೀನಿ. ಯಾರಿಂದ ಬಂತು ಅನ್ನೋದು ಅದೇ ಹೇಳುತ್ತೆ.”

ಸಹನಾ ತನ್ನ ಫೋನಿನಿಂದಲೇ ನನಗೆ ಕಳಿಸಿದ್ದಳು. ಅದು ನನ್ನ ಫೋನಿನಲ್ಲಿ ಇನ್ನೂ ಹಾಗೇ ಇತ್ತು. ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟ ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಠಾಣೆಯೊಳಗೆ ಬಂದಿದ್ದೆ. ನನ್ನ ಪೆದ್ದುತನಕ್ಕೆ ನನಗೇ ಹೊಡೆದುಕೊಳ್ಳಬೇಕು ಅನಿಸಿತು.

ಸಾಹೇಬರಿಗೆ ನನ್ನ ಮುಖದಲ್ಲಿ ಏನೋ ಕಂಡಿರಬೇಕು. ದನಿ ಇಳಿಸಿದರು. “ಹಾವೂ ಸಾಯಬಾರದು, ಕೋಲೂ ಮುರೀಬಾರದು. ವಿಡಿಯೋ ಅಳಿಸಿ, ತಪ್ಪಾಗಿ ಹಾಕಿದ್ದೆ ಅಂತ ಗುಂಪಿನಲ್ಲಿ ಒಂದು ಸಾಲು ಬರೀರಿ. ಹೆಸರೂ ಬೇಡ, ಫೋನೂ ಬೇಡ. ಇಲ್ಲಿಗೆ ಮುಗಿಸೋಣ.”

ಗುಂಪು ತೆರೆದೆ. ವಿಡಿಯೋದ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಎಲ್ಲರಿಗೂ ಅಳಿಸಬೇಕೆ ಎಂದು ಫೋನ್ ಕೇಳಿತು. ಅಳಿಸಿದರೆ ಸಹನಾ ಉಳಿಯುತ್ತಾಳೆ. ನಾನು ತಪ್ಪಾಯಿತು ಎಂದು ಬರೆದರೆ ಊರು ನಂಬುತ್ತದೆ, ನಳದ ವಿಷಯದಲ್ಲಿ ನನ್ನ ಮಾತನ್ನು ಅದು ಯಾವತ್ತೂ ನಂಬಿದೆ. ಮುಂದೆ ನಳ ಬಂದ ಕೂಡಲೇ ಬೋರಲು ಹಾಕಿದ ಕೊಡಗಳು ಮತ್ತೆ ತುಂಬುತ್ತವೆ. ಆ ಪಡಸಾಲೆಯ ಸಾಲು ಉದ್ದವಾಗುತ್ತದೆ. ಸಹನಾಳ ಮನೆಯ ಒಲೆ ಒಂದು ಕಡೆ, ಗೊತ್ತಿಲ್ಲದ ಮಕ್ಕಳ ಹೊಟ್ಟೆ ಒಂದು ಕಡೆ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡೆ.

“ಗಾಳೇಶ, ಅಮ್ಮನಿಗೆ ನೀರು ಕೊಡು,” ಎಂದರು ಸಾಹೇಬರು.

ಗಾಳೇಶ ಎದ್ದ. ಹರವಿಯಿಂದ ಲೋಟ ತುಂಬಿ ತಂದ. ನಾನು ಕೈ ಚಾಚಿ ಹಿಡಿದೆ. ಅವನು ಬಿಡಲಿಲ್ಲ. ನಾನು ಎಳೆದೆ, ಆಗಲೂ ಬಿಡಲಿಲ್ಲ. ನಮ್ಮಿಬ್ಬರ ಕೈಯಲ್ಲಿ ಲೋಟ ಅಲುಗಾಡಿ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು.

“ಅಕ್ಕಾರ, ಕುಡೀಬ್ಯಾಡ್ರಿ,” ಎಂದ.

ಸಾಹೇಬರು ತಲೆ ಎತ್ತಿದರು. “ಏನಯ್ಯಾ ಇದು?”

ಗಾಳೇಶ ಲೋಟವನ್ನು ನನ್ನ ಕೈಯಿಂದ ಬಿಡಿಸಿಕೊಂಡ. ಅವನ ದನಿ ಸಣ್ಣದಾಗಿತ್ತು. “ನನ್ನ ಸಣ್ಣ ಕೂಸು ಕುಷ್ಟಗಿ ದವಾಖಾನ್ಯಾಗ ಐತ್ರಿ ಸಾಹೇಬ್ರ. ಸಲಾಯಿನ್ ಹಚ್ಯಾರ. ಕ್ವಾಟರ್ಸಿಗೂ ಇದಾ ನೀರು ಬರ್ತೈತ್ರಿ. ಅಕ್ಕಾರ ಹಾಕಿದ್ದು ನೋಡಿ ನನ್ನ ಹೆಣ್ತಿ ದೊಡ್ಡಾಕಿಗೆ ಕುಡಸಲಿಲ್ಲ. ಆಕಿ ಮನ್ಯಾಗ ಆಡಾಕತ್ಯಾಳ.”

“ನನಗೆ ಯಾಕೆ ಹೇಳಲಿಲ್ಲ?”

“ಸುಳ್ಳು ಸುದ್ದಿ ಅಂತ ನಾನಾ ಬರ್ಯಾಕತ್ತಿದ್ನೆಲ್ರಿ. ಹ್ಯಾಂಗ ಹೇಳ್ಲಿ?”

ಸಾಹೇಬರು ತಮ್ಮ ಬಾಟಲಿಯನ್ನು ನೋಡಿದರು, ಆಮೇಲೆ ಮೂಲೆಯ ಹರವಿಯನ್ನು ನೋಡಿದರು. ಬೆಳಿಗ್ಗೆಯಿಂದ ಅದರಿಂದ ಯಾರ್ಯಾರು ಕುಡಿದಿದ್ದರೋ, ಅದನ್ನೇ ಲೆಕ್ಕ ಹಾಕುತ್ತಿದ್ದರೇನೋ.

“ಆ ಹರವಿ ನೀರು ಹೊರಗೆ ಚೆಲ್ಲಿ ಬಾ,” ಎಂದರು.

ಗಾಳೇಶ ಹರವಿ ಎತ್ತಿಕೊಂಡು ಹೋದ. ನೀರು ಬೀಳುವ ಸದ್ದು ಕೇಳಿತು, ಅದರ ಹಿಂದೆಯೇ ಫಕೀರಮ್ಮನ ದನಿ. “ಏ ಗಾಳ್ಯಾ, ನೀರು ಯಾಕ ಚೆಲ್ಲಾಕತ್ತಿ? ನಮಗ ಕುಡೀರಿ ಅಂತೀರಿ, ನೀವು ಚೆಲ್ತೀರಿ?”

ಅವನು ಬರಿ ಹರವಿ ತಂದು ಮೂಲೆಯಲ್ಲಿ ಬೋರಲು ಹಾಕಿ, ಮತ್ತೆ ಬರೆಯಲು ಕೂತ. ಸಾಹೇಬರು ಕಣ್ಣು ಉಜ್ಜಿಕೊಂಡರು. ಹೇಳುವ ಮೊದಲೇ ಅವರಿಗೆ ಸಾಕಾಗಿತ್ತು.

“ಮೇಲಿನಿಂದ ಆದೇಶ ಇದೆ ಅಮ್ಮ. ನನ್ನ ಕೈಯಲ್ಲಿಲ್ಲ. ಅಳಿಸ್ತೀರೋ, ಇಲ್ವೋ?”

ಫೋನ್ ಇನ್ನೂ ಅದೇ ಪ್ರಶ್ನೆ ಹಿಡಿದುಕೊಂಡು ಕೂತಿತ್ತು. ನಾನು ಬೇಡ ಎಂದು ಒತ್ತಿದೆ. ಸಹನಾ ಕಳಿಸಿದ್ದು ಇದ್ದ ಜಾಗ ಹುಡುಕಿದೆ. ಅಳಿಸುವುದನ್ನು ಇವರೇ ಕಲಿಸಿಕೊಟ್ಟಿದ್ದರು, ಅವರ ಕಣ್ಣ ಮುಂದೆಯೇ ಅಳಿಸಿದೆ, ಅವಳ ಹೆಸರನ್ನೂ ಅಳಿಸಿದೆ. ಪರೀಕ್ಷೆ ಮಾಡುವವರು ಅದನ್ನೂ ಹೊರಗೆ ತೆಗೆಯುತ್ತಾರೋ ಏನೋ, ನನಗೆ ತಿಳಿಯದು. ನನ್ನ ಹೆಬ್ಬೆರಳು ಆಡುತ್ತಿದ್ದದ್ದು ಸಾಹೇಬರಿಗೆ ಕಾಣುತ್ತಿತ್ತು. ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟೆ.

“ವಿಡಿಯೋ ಗುಂಪಿನ್ಯಾಗ ಐತ್ರಿ. ಅಲ್ಲೇ ಇರ್ತೈತಿ. ಹಾಕಿದಾಕಿ ನಾನು, ಅಡ್ಮಿನ್ ನಾನು. ಬರಕೊಳ್ರಿ.”

“ಬರಿ ಗಾಳೇಶ,” ಎಂದರು ಸಾಹೇಬರು ನನ್ನ ಕಡೆ ನೋಡದೆ. “ಕುಡಿಯಲು ಯೋಗ್ಯವಾದ ನಳದ ನೀರಿನ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿ...”

ಗಾಳೇಶನ ಪೆನ್ನು ಕಾಗದದ ಮೇಲೆ ನಿಂತಿತು, ಮುಂದೆ ಹೋಗಲಿಲ್ಲ.

“ಬರಿಯಪ್ಪಾ,” ಎಂದೆ ನಾನು. “ಬರದು ಮುಗಿಸಿದ ಮ್ಯಾಲ, ಹಂಗಾರ ಆ ಹರವಿ ನೀರು ಯಾಕ ಚೆಲ್ಲಿಸಿದ್ರು ಅನ್ನೂದನ್ನೂ ಸಾಹೇಬ್ರನ್ನ ಕೇಳಿ ಅದರ ಕೆಳಗ ಬರಿ.”